ಸ್ವಭಾವ ಎಲ್ಲಿ ಮುಗಿಯುತ್ತದೆ, ವ್ಯಕ್ತಿತ್ವ ದೋಷ ಎಲ್ಲಿ ಆರಂಭವಾಗುತ್ತದೆ?

ಪ್ರಶ್ನೆ
ನನ್ನ ಅಣ್ಣ ಯಾವ ಕೆಲಸವನ್ನೂ ಇನ್ನೊಬ್ಬರ ಕೈಗೆ ಬಿಡುವುದಿಲ್ಲ. ಬಿಟ್ಟರೂ ಸರಿಯಾಗಿಲ್ಲವೆಂದು ಮತ್ತೆ ತಾನೇ ಮಾಡುತ್ತಾನೆ. ನಿಯಮ, ಪಟ್ಟಿಗಳಲ್ಲೇ ಮುಳುಗಿರುವುದರಿಂದ ಹಿಡಿದ ಕೆಲಸ ಮುಗಿಯುವುದಿಲ್ಲ. ಅತ್ತಿಗೆಯೂ ಮಕ್ಕಳೂ ಅವನೆದುರು ಮಾತನಾಡಲು ಅಂಜುತ್ತಾರೆ. ಕೆಲವರು ಇದನ್ನು ಗೀಳು ರೋಗವೆನ್ನುತ್ತಾರೆ, ಕೆಲವರು ಹುಟ್ಟುಗುಣವೆನ್ನುತ್ತಾರೆ. ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1
ಅಚ್ಚುಕಟ್ಟುತನವಾಗಲಿ, ಹಟವಾಗಲಿ ತಾನಾಗಿಯೇ ದೋಷವಲ್ಲ. ಹರೆಯದಲ್ಲೋ ಯೌವನದ ಆರಂಭದಲ್ಲೋ ಕಾಣಿಸಿಕೊಂಡ ಒಂದು ನಡವಳಿಕೆ ಮನೆ, ಕಚೇರಿ, ಸ್ನೇಹ ಎಲ್ಲೆಡೆಯೂ ಒಂದೇ ತೆರನಾಗಿದ್ದು, ಸಂದರ್ಭ ಬದಲಾದರೂ ತಾನು ಬದಲಾಗದೆ, ವರ್ಷಗಟ್ಟಲೆ ಆ ವ್ಯಕ್ತಿಗೋ ಸುತ್ತಲಿನವರಿಗೋ ನೋವು ತರುತ್ತಿದ್ದರೆ ಮಾತ್ರ ವ್ಯಕ್ತಿತ್ವ ದೋಷದ ಮಾತು ಬರುತ್ತದೆ. ನೌಕರಿ ಹೋದಾಗ ಅಥವಾ ಖಿನ್ನತೆ ಬಂದಾಗ ಕೆಲವು ತಿಂಗಳು ಬಿಗಿಯಾಗುವವರನ್ನು ಈ ಸಾಲಿಗೆ ಸೇರಿಸಬಾರದು.

ಗೀಳು ರೋಗದಲ್ಲಿ ಬೇಡದ ಆಲೋಚನೆಗಳು ನುಗ್ಗಿಬರುತ್ತವೆ. ಅವು ತನ್ನ ಮನಸ್ಸಿನವೇ ಎಂದು ತಿಳಿದಿದ್ದರೂ ರೋಗಿಗೆ ಸಾಮಾನ್ಯವಾಗಿ ತನಗೆ ಒಪ್ಪುವಂಥವೆನಿಸುವುದಿಲ್ಲ, ಅವುಗಳಿಂದ ಬಿಡುಗಡೆ ಬೇಕೆಂದು ಪರಿತಪಿಸುತ್ತಾನೆ. ನೀವು ವರ್ಣಿಸಿದ ಬಗೆಯ ವ್ಯಕ್ತಿತ್ವದವರಿಗಾದರೋ ತಮ್ಮ ರೀತಿಯೇ ಸರಿ, ಉಳಿದವರು ಬೇಜವಾಬ್ದಾರರು ಎಂಬ ನಂಬಿಕೆಯಿರುತ್ತದೆ. ಎರಡೂ ಒಬ್ಬರಲ್ಲೇ ಇರಬಹುದಾದ್ದರಿಂದ ಮನೋವೈದ್ಯರು ಸಾವಕಾಶವಾಗಿ, ಸಾಧ್ಯವಾದರೆ ಮನೆಯವರೊಡನೆಯೂ ಮಾತನಾಡಿಯೇ ನಿರ್ಧರಿಸುತ್ತಾರೆ.

ಉತ್ತರ 2
ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ಹೆಸರಿನ ಹುಡುಕಾಟಕ್ಕೆ ಅಷ್ಟು ತೂಕ ಬೇಡ. ಮನೋರೋಗಗಳನ್ನು ಗುರುತಿಸಲು ಬಳಸುವ 2013ರ ಅಮೆರಿಕದ ಕೈಪಿಡಿ ಡಿಎಸ್‌ಎಂ-5 ವ್ಯಕ್ತಿತ್ವ ದೋಷದ ಹತ್ತು ಬಗೆಗಳನ್ನು ಹೆಸರಿಸುತ್ತದೆ; ಒಬ್ಬರಲ್ಲೇ ಎರಡು ಮೂರು ಬಗೆಗಳ ಲಕ್ಷಣಗಳು ಬೆರೆತಿರುವುದು ಸಾಮಾನ್ಯ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಐಸಿಡಿ-11 ಆ ಹೆಸರುಗಳನ್ನು ಬಹುಮಟ್ಟಿಗೆ ಕೈಬಿಟ್ಟು, ತೊಂದರೆ ಲಘುವೋ ಮಧ್ಯಮವೋ ತೀವ್ರವೋ ಎಂಬುದನ್ನು ಮೊದಲು ನೋಡುತ್ತದೆ. ನನಗೆ ಇದೇ ಹೆಚ್ಚು ನ್ಯಾಯವೆನಿಸುತ್ತದೆ, ಏಕೆಂದರೆ ಜಗಳದ ನಡುವೆ 'ನೀನು ಸ್ವಾರ್ಥ ವ್ಯಾಧಿಯವನು' ಎಂದು ಹಣೆಪಟ್ಟಿ ಹಚ್ಚುವವರು ಹೆಚ್ಚುತ್ತಿದ್ದಾರೆ, ಮತ್ತು ಅದರಿಂದ ನಿಜವಾಗಿ ನರಳುವವರು ಸಹಾಯ ಕೇಳಲು ಹಿಂಜರಿಯುತ್ತಾರೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ತನಗೇನೂ ಆಗಿಲ್ಲವೆನ್ನುವವನನ್ನು ವೈದ್ಯರ ಬಳಿಗೆ ಕರೆದೊಯ್ಯುವುದು ಹೇಗೆ?

ಉತ್ತರ 1
'ನಿನಗೆ ದೋಷವಿದೆ' ಎಂದು ಆರಂಭಿಸಬೇಡಿ. ನಿದ್ರೆಗೇಡು, ಆಯಾಸ, ಮುಗಿಯದ ಕೆಲಸದ ಚಿಂತೆ ಇವುಗಳಲ್ಲಿ ಅವರೇ ಒಪ್ಪುವ ಒಂದನ್ನು ಹಿಡಿದು ಮಾತು ತೆಗೆಯಿರಿ. ಅನೇಕರು ಆ ದಾರಿಯಿಂದಲೇ ಬರುತ್ತಾರೆ. ಇಂಥ ತೊಂದರೆಗೆ ಮಾತಿನ ಚಿಕಿತ್ಸೆಯೇ ಮುಖ್ಯ; ಔಷಧಿ ಜೊತೆಗಿರುವ ಆತಂಕ, ಖಿನ್ನತೆಗಳಿಗೆ ನೆರವಾಗುತ್ತದೆ. ಅವರು ಒಪ್ಪದಿದ್ದರೂ ನಿಮ್ಮ ಅತ್ತಿಗೆಯವರು ತಾವೇ ಆಪ್ತಸಮಾಲೋಚಕರನ್ನು ಕಾಣಬಹುದು. ಮನೆಯಲ್ಲಿರುವ ಅಂಜಿಕೆ ಬೈಗುಳವನ್ನು ದಾಟಿ ಹೊಡೆತದವರೆಗೆ ಹೋಗಿದ್ದರೆ, ರೋಗನಿರ್ಣಯಕ್ಕಾಗಿ ಕಾಯದೆ ಮೊದಲು ಅತ್ತಿಗೆಯವರ ಮತ್ತು ಮಕ್ಕಳ ಸುರಕ್ಷತೆಯನ್ನು ನೋಡಿ.