1993ರ ಮಿಯಾಟ ಸ್ಮಾಗ್ ಟೆಸ್ಟ್‌ನಲ್ಲಿ ಫೇಲ್, ಎನ್‌ಒ ಮಾತ್ರ ಜಾಸ್ತಿ: ಕ್ಯಾಟ್ ಬದಲಿಸಲೇಬೇಕಾ?

ಕೆಂಪು_ಮಿಯಾಟ, ಫ್ರೀಮಾಂಟ್:

ಎಲ್ಲರಿಗೂ ನಮಸ್ಕಾರ. ನನ್ನದು 1993ರ ಮಾಜ್ದಾ ಮಿಯಾಟ, 1.6 ಲೀಟರ್ ಎಂಜಿನ್, ಮ್ಯಾನುಯಲ್ ಗೇರ್. ಎರಡು ವರ್ಷದ ಹಿಂದೆ ಇಲ್ಲೇ ಬೇ ಏರಿಯಾದಲ್ಲಿ ಒಬ್ಬರಿಂದ ತಗೊಂಡೆ. ಆಗ ಸ್ಮಾಗ್ ಟೆಸ್ಟ್ (ಇಲ್ಲಿನ ಹೊಗೆ ಪರೀಕ್ಷೆ) ಪಾಸ್ ಆಗಿಯೇ ಕೈಗೆ ಬಂದಿತ್ತು. ಈ ಸಲ ರಿಜಿಸ್ಟ್ರೇಷನ್‌ಗೆ ಅಂತ ಹೋದರೆ ಫೇಲ್. ಹೈಡ್ರೋಕಾರ್ಬನ್ ಪಾಸ್, ಕಾರ್ಬನ್ ಮಾನಾಕ್ಸೈಡ್ ಪಾಸ್, ಎನ್‌ಒ (ನೈಟ್ರಿಕ್ ಆಕ್ಸೈಡ್) ಮಾತ್ರ 15 ಮೈಲಿ ವೇಗದಲ್ಲೂ 25 ಮೈಲಿ ವೇಗದಲ್ಲೂ ಮಿತಿ ದಾಟಿದೆ.

ಓಡಿಸುವಾಗ ಏನೂ ಗೊತ್ತಾಗುವುದಿಲ್ಲ. ಐಡ್ಲಿಂಗ್ ಸರಿ ಇದೆ, ಪಿಕಪ್ ಚೆನ್ನಾಗಿದೆ, ಹೊಗೆ ಕಾಣುವುದಿಲ್ಲ, ಮೈಲೇಜೂ ಮೊದಲಿನಷ್ಟೇ. ಟೆಸ್ಟ್ ಮಾಡಿದವರು ಕಾಗದ ನೋಡಿದ ತಕ್ಷಣ "ಕ್ಯಾಟ್ ಹೋಗಿದೆ" ಅಂದರು. ಕ್ಯಾಟ್ ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್, ಹೊಗೆ ಶುದ್ಧ ಮಾಡುವ ಭಾಗ. ಹೊಸದು, ಕೂಲಿ ಎಲ್ಲ ಸೇರಿ 1,300 ಡಾಲರ್ ಹೇಳಿದ್ದಾರೆ. ಆನ್‌ಲೈನ್‌ನಲ್ಲಿ 150 ಡಾಲರಿಗೆ ಕ್ಯಾಟ್ ಸಿಗುತ್ತಿದೆ, ಅದನ್ನೇ ತಂದು ನಾನೇ ಹಾಕಿಕೊಳ್ಳಲಾ? ರಿಜಿಸ್ಟ್ರೇಷನ್ ಮುಗಿಯಲು ಮೂರು ವಾರ ಇದೆ. ಈ ಗಾಡಿ ನನಗೆ ತುಂಬಾ ಇಷ್ಟ, ಬಿಟ್ಟುಕೊಡುವ ಮನಸ್ಸಿಲ್ಲ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಗ್ಯಾರೇಜ್_ಮಿಲ್ಪಿಟಾಸ್:

ಕ್ಯಾಟ್ ಈಗಲೇ ತರಬೇಡಿ. 150 ಡಾಲರಿನದಂತೂ ಬೇಡವೇ ಬೇಡ. ಕ್ಯಾಲಿಫೋರ್ನಿಯಾದಲ್ಲಿ ಹೊರಗಿನ ಕಂಪನಿಯ ಕ್ಯಾಟ್ ಹಾಕಬೇಕಾದರೆ ಅದರ ಮೇಲೆ ಕಾರ್ಬ್ (ರಾಜ್ಯದ ವಾಯು ಮಂಡಳಿ) ಕೊಟ್ಟ ಇಒ ನಂಬರ್, ಅಂದರೆ ಒಪ್ಪಿಗೆ ಆದೇಶದ ನಂಬರ್ ಇರಬೇಕು, ಆ ನಂಬರ್ ನಿಮ್ಮ ಗಾಡಿಗೇ ಅನ್ವಯಿಸಬೇಕು. ಬೇರೆ ರಾಜ್ಯಗಳಲ್ಲಿ ಮಾರುವ ಅಗ್ಗದ ಮಾಲಿಗೆ ಅದು ಇರುವುದಿಲ್ಲ. ಹೊಗೆ ಎಷ್ಟೇ ಶುದ್ಧವಾಗಿರಲಿ, ಗಾಡಿ ಕೆಳಗೆ ಬಗ್ಗಿ ನೋಡಿದಾಗಲೇ ಫೇಲ್ ಮಾಡುತ್ತಾರೆ. ಗುಜರಿಯ ಹಳೇ ಕ್ಯಾಟ್ ತಂದು ಹಾಕುವುದಕ್ಕೂ ಇಲ್ಲಿ ಅನುಮತಿ ಇಲ್ಲ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಎನ್‌ಒ ಅಂದರೆ ಉರಿಯದೆ ಉಳಿದ ಪೆಟ್ರೋಲ್ ಅಲ್ಲ. ಸಿಲಿಂಡರ್ ಒಳಗೆ ಬಿಸಿ ಸುಮಾರು 1,400 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಗಾಳಿಯಲ್ಲಿರುವ ನೈಟ್ರೋಜನ್ನೂ ಆಕ್ಸಿಜನ್ನೂ ಸೇರಿಕೊಂಡು ಆಗುವುದು ಅದು. ಅಂದರೆ ಎಂಜಿನ್ ಚೆನ್ನಾಗಿ, ಬಿಸಿಬಿಸಿಯಾಗಿ ಉರಿಸುತ್ತಿದ್ದರೂ ಎನ್‌ಒ ಜಾಸ್ತಿ ಬರುತ್ತದೆ. ಅದಕ್ಕೇ ನಿಮಗೆ ಓಡಿಸುವಾಗ ಏನೂ ಗೊತ್ತಾಗುತ್ತಿಲ್ಲ. ಟೈಮಿಂಗ್ (ಪ್ಲಗ್ ಕಿಡಿ ಹಾರುವ ಹೊತ್ತು) ಮುಂದಕ್ಕೆ ಇಟ್ಟಿದ್ದರೆ, ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ ಆಗಿದ್ದರೆ, ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದ್ದರೆ, ಒಳಗೆ ಕಾರ್ಬನ್ ಕಟ್ಟಿದ್ದರೆ, ಇಲ್ಲ ಕ್ಯಾಟ್ ತನ್ನ ಕೆಲಸ ಮಾಡದಿದ್ದರೆ ಎನ್‌ಒ ಏರುತ್ತದೆ. ಆಮೇಲೆ ಬಂದ 1.8 ಎಂಜಿನ್ ಆಗಿದ್ದರೆ ಇಜಿಆರ್ ವಾಲ್ವ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ ಒಳಗೆ ಬಿಟ್ಟು ಬಿಸಿ ತಗ್ಗಿಸುವುದು) ಕೂಡ ನೋಡಿ ಅನ್ನುತ್ತಿದ್ದೆ, ನಿಮ್ಮ 1.6ರಲ್ಲಿ ಅದು ಇಲ್ಲ.

ಟೆಸ್ಟ್ ಕಾಗದವನ್ನು ಪೂರ್ತಿ ಹಾಕಿ. ಫೇಲ್ ಆದ ಸಾಲು ಮಾತ್ರ ಅಲ್ಲ, ಕಾರ್ಬನ್ ಡೈಆಕ್ಸೈಡ್, ಆಕ್ಸಿಜನ್, ಇಗ್ನಿಷನ್ ಟೈಮಿಂಗ್ ಎಲ್ಲ ಬೇಕು.

ಹಾಸನದ_ಹುಡುಗ, ಸ್ಯಾನ್ ಹೊಸೆ:

ನನ್ನ ಹಳೇ ಗಾಡಿಗೆ ಟ್ಯಾಂಕಿಗೆ ಹಾಕುವ ಸ್ಮಾಗ್ ಡಬ್ಬಿ ಒಂದು ಸುರಿದು ತಗೊಂಡು ಹೋಗಿದ್ದೆ, ಪಾಸ್ ಆಗಿತ್ತು. ಅದನ್ನೊಮ್ಮೆ ನೋಡಬಹುದಲ್ವಾ? ಇನ್ನೊಂದು, ನಮ್ಮ ಊರಲ್ಲಿ ಪಿಯುಸಿ ಮಾಡಿಸುವಾಗ ಸೈಲೆನ್ಸರ್‌ಗೆ ಕಡ್ಡಿ ತೂರಿಸಿ ಎರಡು ನಿಮಿಷದಲ್ಲಿ ಚೀಟಿ ಕೊಡುತ್ತಿದ್ದರು, ಅಲ್ಲಿ ಈ ಎನ್‌ಒ ಹೆಸರೇ ಕೇಳಿರಲಿಲ್ಲ.

ಗ್ಯಾರೇಜ್_ಮಿಲ್ಪಿಟಾಸ್:

ಊರಿನ ಪಿಯುಸಿಯಲ್ಲಿ ಪೆಟ್ರೋಲ್ ಗಾಡಿಗೆ ನಿಂತಲ್ಲೇ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ನೋಡುತ್ತಾರೆ. ಭಾರ ಇಲ್ಲದೆ ನಿಂತ ಗಾಡಿಯಲ್ಲಿ ಎನ್‌ಒ ಹೆಚ್ಚು ಬರುವುದೂ ಇಲ್ಲ. ಇಲ್ಲಿ ನಮ್ಮ ಕಡೆ 1976ರಿಂದ 1999ರವರೆಗಿನ ಗಾಡಿಗಳನ್ನು ರೋಲರ್ ಮೇಲೆ ಹತ್ತಿಸಿ, ಗುಡ್ಡ ಹತ್ತುವ ಹಾಗೆ ಭಾರ ಕೊಟ್ಟು 15 ಮತ್ತು 25 ಮೈಲಿ ವೇಗದಲ್ಲಿ ಅಳೆಯುತ್ತಾರೆ. ಭಾರ ಬಿದ್ದಾಗ ಸಿಲಿಂಡರ್ ಬಿಸಿ ಏರುತ್ತದೆ, ಎನ್‌ಒ ಆಚೆ ಬರುತ್ತದೆ. 2000 ಮತ್ತು ಆಮೇಲಿನ ಗಾಡಿಗಳಿಗೆ ರೋಲರ್ ಇಲ್ಲ, ಕಂಪ್ಯೂಟರ್‌ಗೆ ವೈರ್ ಹಾಕಿ ಓದುತ್ತಾರೆ.

ಡಬ್ಬಿಯ ವಿಷಯ: ನಿಮಗೆ ಆಗ ಫೇಲ್ ಆಗಿದ್ದು ಬಹುಶಃ ಕಾರ್ಬನ್ ಮಾನಾಕ್ಸೈಡ್ ಅಥವಾ ಹೈಡ್ರೋಕಾರ್ಬನ್ ಇರಬೇಕು. ಆ ಡಬ್ಬಿಗಳಲ್ಲಿ ಎಷ್ಟೋ ಇರುವುದು ಆಲ್ಕೋಹಾಲ್. ಅದು ಮಿಶ್ರಣವನ್ನು ತೆಳು ಮಾಡುತ್ತದೆ, ಅಂದರೆ ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ, ಇಲ್ಲಿನ ಪೆಟ್ರೋಲ್‌ನಲ್ಲಿ ಈಗಾಗಲೇ ನೂರಕ್ಕೆ 10 ಭಾಗ ಎಥನಾಲ್ ಇದೆ. ಎನ್‌ಒ ಜಾಸ್ತಿ ಇರುವ ಗಾಡಿಗೆ ಅದನ್ನು ಸುರಿದರೆ ಇನ್ನೂ ಕೆಡುತ್ತದೆ. ಇವರು ಹಾಕಬಾರದು.

ಕೆಂಪು_ಮಿಯಾಟ:

ತುಂಬಾ ಥ್ಯಾಂಕ್ಸ್ ಸರ್. ಕಾಗದದಲ್ಲಿ ಇರುವುದು ಇಷ್ಟು. 15 ಮೈಲಿಯಲ್ಲಿ: ಕಾರ್ಬನ್ ಡೈಆಕ್ಸೈಡ್ 14.1, ಆಕ್ಸಿಜನ್ 0.9, ಹೈಡ್ರೋಕಾರ್ಬನ್ 41, ಕಾರ್ಬನ್ ಮಾನಾಕ್ಸೈಡ್ 0.06, ಎನ್‌ಒ 1,090. 25 ಮೈಲಿಯಲ್ಲಿ ಅದೇ ಕ್ರಮದಲ್ಲಿ: 14.2, 0.8, 33, 0.05, ಎನ್‌ಒ 960. ಇಗ್ನಿಷನ್ ಟೈಮಿಂಗ್ 13 ಡಿಗ್ರಿ, ಪಾಸ್ ಅಂತ ಇದೆ. ಪೆಟ್ರೋಲ್ ಮುಚ್ಚಳ ಪಾಸ್. ಥರ್ಮೋಸ್ಟಾಟ್ ಹೋದ ವರ್ಷ ಹೊಸದು ಹಾಕಿಸಿದ್ದೇನೆ, ಟೆಂಪರೇಚರ್ ಮುಳ್ಳು ಯಾವತ್ತೂ ಮಧ್ಯ ದಾಟಿಲ್ಲ.

ಗ್ಯಾರೇಜ್_ಮಿಲ್ಪಿಟಾಸ್:

ಈ ಕಾಗದದಲ್ಲಿ ಎರಡು ಸುಳಿವು ಇವೆ. ಎರಡೂ "ಪಾಸ್" ಜಾಗದಲ್ಲಿ ಅಥವಾ ಪಾಸ್-ಫೇಲ್ ಇಲ್ಲದ ಜಾಗದಲ್ಲಿ ಇರುವುದರಿಂದ ಯಾರೂ ನೋಡಿಲ್ಲ.

ಒಂದು, ಟೈಮಿಂಗ್ 13 ಡಿಗ್ರಿ. ನಿಮ್ಮ ಎಂಜಿನ್ನಿಗೆ ಇರಬೇಕಾದ್ದು 10. ಮಿಯಾಟ ಇಟ್ಟುಕೊಂಡವರು ಸ್ವಲ್ಪ ಜಾಸ್ತಿ ಎಳೆತ ಬರಲಿ ಅಂತ 14ರವರೆಗೂ ಮುಂದಕ್ಕೆ ತಿರುಗಿಸುವುದು ಮಾಮೂಲು. ಹಿಂದಿನ ಮಾಲೀಕರು ಮಾಡಿರಬೇಕು. ಕಿಡಿ ಬೇಗ ಹಾರಿದಷ್ಟೂ ಸಿಲಿಂಡರ್ ಒತ್ತಡ, ಬಿಸಿ ಎರಡೂ ಏರುತ್ತವೆ, ಎನ್‌ಒ ಕೂಡ.

ಎರಡನೆಯದು ಇನ್ನೂ ಮುಖ್ಯ. ಆಕ್ಸಿಜನ್ 0.9. ಆರೋಗ್ಯವಾಗಿರುವ ಗಾಡಿಯಲ್ಲಿ ಕ್ಯಾಟ್ ದಾಟಿ ಬಂದ ಹೊಗೆಯಲ್ಲಿ ಆಕ್ಸಿಜನ್ ಹೆಚ್ಚುಕಮ್ಮಿ ಸೊನ್ನೆ ಇರಬೇಕು. ಕ್ಯಾಟ್ ಒಳಗೆ ಎನ್‌ಒ ಒಡೆಯುವ ಕೆಲಸ ರೋಡಿಯಂ ಅನ್ನುವ ಲೋಹದ್ದು. ಎನ್‌ಒದಿಂದ ಆಕ್ಸಿಜನ್ ಕಿತ್ತುಕೊಳ್ಳಲು ಅಲ್ಲಿ ಸ್ವಲ್ಪ ಕಾರ್ಬನ್ ಮಾನಾಕ್ಸೈಡ್ ಬೇಕು. ಬೇರೆ ಕಡೆಯಿಂದ ಆಕ್ಸಿಜನ್ ಬಂದು ಸೇರಿದರೆ ಆ ಮಾನಾಕ್ಸೈಡ್ ಅದರ ಜೊತೆ ಉರಿದುಹೋಗುತ್ತದೆ, ಎನ್‌ಒ ಹಾಗೇ ಆಚೆ ಬರುತ್ತದೆ. ಅಂದರೆ ಹೊಸ ಕ್ಯಾಟ್ ಹಾಕಿದರೂ ಅದಕ್ಕೆ ಕೆಲಸ ಮಾಡಲು ಆಗುವುದಿಲ್ಲ!

ಹಾಗಾದರೆ ಗಾಳಿ ಎಲ್ಲಿಂದ? ನಿಮ್ಮ ಗಾಡಿಯ ಆಕ್ಸಿಜನ್ ಸೆನ್ಸರ್ ಮ್ಯಾನಿಫೋಲ್ಡ್‌ನಲ್ಲಿದೆ, ಅಂದರೆ ಎಂಜಿನ್ನಿನಿಂದ ಹೊಗೆ ಹೊರಬರುವ ಮೊದಲ ಪೈಪಿನಲ್ಲಿ. ಅದಕ್ಕಿಂತ ಮುಂಚೆ ಸೋರಿಕೆ ಇದ್ದಿದ್ದರೆ ಸೆನ್ಸರ್ "ಪೆಟ್ರೋಲ್ ಸಾಲದು" ಅಂದುಕೊಂಡು ಕಂಪ್ಯೂಟರ್ ಕೈಲಿ ಜಾಸ್ತಿ ಸುರಿಸುತ್ತಿತ್ತು, ಕಾರ್ಬನ್ ಮಾನಾಕ್ಸೈಡ್ ಏರುತ್ತಿತ್ತು. ನಿಮ್ಮದು 0.06, ಏರಿಲ್ಲ. ಆದ್ದರಿಂದ ನನ್ನ ಅನುಮಾನ ಸೆನ್ಸರ್‌ಗೂ ಕ್ಯಾಟ್‌ಗೂ ನಡುವಿನ ಜಾಯಿಂಟ್ ಮೇಲೆ. ಸೆನ್ಸರ್ ಸೋಮಾರಿಯಾಗಿದ್ದರೂ ಹೀಗೆ ಕಾಣಬಹುದು, ಅದನ್ನು ಮೊದಲು ವೋಲ್ಟ್ ಮೀಟರಿನಲ್ಲಿ ನೋಡಿ: ಬಿಸಿಯಾದ ಎಂಜಿನ್ನಿನಲ್ಲಿ 0.1ರಿಂದ 0.9 ವೋಲ್ಟ್ ನಡುವೆ ಚುರುಕಾಗಿ ಆಚೆ ಈಚೆ ಹೋಗುತ್ತಿರಬೇಕು. ಕ್ಯಾಟ್ ದಾಟಿದ ಮೇಲಿನ ತೂತಿನಿಂದಲೂ ಆಕ್ಸಿಜನ್ ಅಂಕಿ ಏರುತ್ತದೆ, ಆದರೆ ಅದರಿಂದ ಎನ್‌ಒ ಏರುವುದಿಲ್ಲ.

ಒಂದೊಂದೇ ಮಾಡಿ, ಪ್ರತಿಸಲ ಪ್ರೀ-ಟೆಸ್ಟ್ ಮಾಡಿಸಿ. ಅದು ಅಧಿಕೃತ ಫಲಿತಾಂಶ ಅಲ್ಲ, ಅಂಕಿ ಮಾತ್ರ ಕೊಡುತ್ತಾರೆ. ಮೊದಲು ಟೈಮಿಂಗ್.

ಎಂಜಿನ್ ಪೂರ್ತಿ ಬಿಸಿ ಆಗಲಿ, ಎಸಿ, ಹೆಡ್‌ಲೈಟ್, ಬ್ಲೋವರ್ ಎಲ್ಲ ಆಫ್. ಬಾನೆಟ್ ಒಳಗಿನ ಡಯಾಗ್ನೋಸಿಸ್ ಡಬ್ಬಿಯಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಅಂತ ಬರೆದ ಎರಡು ಜಾಗಕ್ಕೂ ಒಂದು ತುಂಡು ವೈರ್ ಸೇರಿಸಿ. ಇದನ್ನು ಮರೆತರೆ ಕಂಪ್ಯೂಟರ್ ತಾನೇ ಟೈಮಿಂಗ್ ಅಲ್ಲಾಡಿಸುತ್ತಾ ಇರುತ್ತದೆ, ನೀವು ನೋಡುವ ಅಂಕಿ ಸುಳ್ಳು. ಐಡಲ್ 850 ಹತ್ತಿರ ಇರಲಿ. 1ನೇ ಪ್ಲಗ್ ವೈರ್‌ಗೆ ಟೈಮಿಂಗ್ ಲೈಟ್ ಸಿಕ್ಕಿಸಿ. ಡಯಲ್ ಇಲ್ಲದ ಸಾದಾ ಲೈಟೇ ಒಳ್ಳೆಯದು, ಈ ಎಂಜಿನ್ನಿನಲ್ಲಿ ಪ್ಲಗ್ ಎರಡು ಸಲ ಕಿಡಿ ಕೊಡುವುದರಿಂದ ಡಯಲ್ ಲೈಟ್ ಕೆಲವು ತಪ್ಪು ತೋರಿಸುತ್ತವೆ. ಎಂಜಿನ್ ಹೆಡ್ಡಿನ ಹಿಂಭಾಗದಲ್ಲಿರುವ ಕ್ಯಾಮ್ ಆಂಗಲ್ ಸೆನ್ಸರಿನ ಬೋಲ್ಟನ್ನು 12 ಎಂಎಂ ಪಾನಾದಿಂದ ಸಡಿಲಿಸಿ, ಸೆನ್ಸರನ್ನು ಕೂದಲೆಳೆಯಷ್ಟು ತಿರುಗಿಸಿ, ಗುರುತು 10ಕ್ಕೆ ಬಂದ ಮೇಲೆ ಬಿಗಿ ಮಾಡಿ, ಬಿಗಿ ಮಾಡಿದ ಮೇಲೂ ಒಮ್ಮೆ ನೋಡಿ. ವೈರ್ ತೆಗೆಯುವುದನ್ನು ಮರೆಯಬೇಡಿ. ಆ ಸೆನ್ಸರಿನ ಓ-ರಿಂಗ್ ಹಳತಾದರೆ ಅಲ್ಲಿಂದ ಆಯಿಲ್ ಜಿನುಗುತ್ತದೆ, ಕೈ ಹಾಕಿದಾಗ ಅದನ್ನೂ ಬದಲಿಸಿಬಿಡಿ.

ರಿವರ್‌ಸೈಡ್_ಕನ್ನಡಿಗ:

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ಟಿವಿಯ ಜೇ ಲೆನೋ ಹೆಸರಿನ ಕಾನೂನು ಬಂದರೆ 35 ವರ್ಷ ದಾಟಿದ ಗಾಡಿಗೆ ಈ ಟೆಸ್ಟೇ ಇಲ್ಲ ಅನ್ನುತ್ತಿದ್ದರು, ಅದೇನಾಯಿತು? ನನ್ನದು 1990ರ ಗಾಡಿ.

ಗ್ಯಾರೇಜ್_ಮಿಲ್ಪಿಟಾಸ್:

ಎಸ್‌ಬಿ 712 ಅಂತ ಅದರ ಹೆಸರು. 2025ರ ಆಗಸ್ಟಿನಲ್ಲಿ ಅಸೆಂಬ್ಲಿಯ ಹಣಕಾಸು ಸಮಿತಿಯಲ್ಲೇ ನಿಂತುಹೋಯಿತು. ವಿನಾಯಿತಿ ಈಗಲೂ 1975 ಮತ್ತು ಅದಕ್ಕಿಂತ ಹಳೆಯ ಗಾಡಿಗಳಿಗೇ. ಅದನ್ನು ನಂಬಿಕೊಂಡು ಕೂರಬೇಡಿ. ನಿಮ್ಮ ಆದಾಯ ಕಮ್ಮಿ ಇದ್ದರೆ ರಾಜ್ಯದ ಕ್ಯಾಪ್ ಯೋಜನೆಯಲ್ಲಿ ಸ್ಮಾಗ್ ರಿಪೇರಿಗೆ ಸಹಾಯ ಸಿಗುತ್ತದೆ, ಆದರೆ ರಿಪೇರಿ ಮಾಡಿಸುವ ಮುಂಚೆಯೇ ಅರ್ಜಿ ಹಾಕಬೇಕು.

ಮತ್ತೆ ಕೆಂಪು ಮಿಯಾಟದವರೇ, ಡಿಎಂವಿಗೆ (ಊರಿನ ಆರ್‌ಟಿಒ ಇದ್ದ ಹಾಗೆ) ರಿಜಿಸ್ಟ್ರೇಷನ್ ಫೀ ಈಗಲೇ ಕಟ್ಟಿಬಿಡಿ. ಟೆಸ್ಟ್ ಪಾಸ್ ಆಗದಿದ್ದರೂ ಫೀ ತಗೊಳ್ಳುತ್ತಾರೆ, ತಡದ ದಂಡ ತಪ್ಪುತ್ತದೆ. ಇನ್ನೊಂದು, ಸ್ಮಾಗ್ ಟೆಸ್ಟ್ ನೋಡಿಕೊಳ್ಳುವ ರಾಜ್ಯದ ಇಲಾಖೆ ಬಿಎಆರ್‌ನ ವೆಬ್‌ಸೈಟಿನಲ್ಲಿ ನಂಬರ್ ಪ್ಲೇಟ್ ಹಾಕಿದರೆ ಗಾಡಿಯ ಹಳೇ ಟೆಸ್ಟ್‌ಗಳು ಕಾಣುತ್ತವೆ. ಒಮ್ಮೆ ನೋಡಿ.

ಕೆಂಪು_ಮಿಯಾಟ:

ಸರ್, ಶನಿವಾರ ಕೂತು ಮಾಡಿದೆ. ಸೆನ್ಸರ್ ಚುರುಕಾಗಿಯೇ ಇದೆ, ವೋಲ್ಟೇಜ್ ಮೇಲೆ ಕೆಳಗೆ ಸರಿಯಾಗಿ ಹೋಗುತ್ತಿದೆ. ಟೈಮಿಂಗ್ 10ಕ್ಕೆ ತಂದೆ. ಓ-ರಿಂಗ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಬದಲಿಸಿದೆ. ಪ್ರೀ-ಟೆಸ್ಟ್‌ನಲ್ಲಿ ಎನ್‌ಒ 1,090 ಇದ್ದದ್ದು 860, 960 ಇದ್ದದ್ದು 790. ಇಳಿದಿದೆ, ಆದರೆ ಇನ್ನೂ ಫೇಲ್. ಆಕ್ಸಿಜನ್ ಅದೇ 0.9ರಲ್ಲೇ ನಿಂತಿದೆ.

ಹಳೇ ಟೆಸ್ಟ್ ನೋಡಿದೆ, ನಾನು ತಗೊಂಡಾಗಲೂ ಪಾಸ್, ಅದರ ಹಿಂದಿನ ಸಲವೂ ಪಾಸ್. ಈಗ ನನಗೆ ಅನ್ನಿಸುವುದು, ಟೈಮಿಂಗ್ ಆಗಲೂ 13 ಇದ್ದಿರಬೇಕು, ಈ ಎರಡು ವರ್ಷದಲ್ಲಿ ಬೇರೆ ಏನೋ ಹೊಸದಾಗಿ ಕೆಟ್ಟಿದೆ.

ಗ್ಯಾರೇಜ್_ಮಿಲ್ಪಿಟಾಸ್:

ಸರಿಯಾಗಿ ಹಿಡಿದಿದ್ದೀರಿ. ಆಕ್ಸಿಜನ್ ಅಲ್ಲಾಡಲಿಲ್ಲ ಅಂದರೆ ಸೋರಿಕೆ ಇದ್ದೇ ಇದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ, ದಯವಿಟ್ಟು. ವರ್ಕ್‌ಶಾಪ್ ವ್ಯಾಕ್ಯೂಮಿನ ಪೈಪನ್ನು ಗಾಳಿ ಊದುವ ಕಡೆಗೆ ಹಾಕಿ, ಇನ್ನೊಂದು ತುದಿಯನ್ನು ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಇಡಿ. ಆಮೇಲೆ ಪ್ರತಿ ಜಾಯಿಂಟಿಗೂ ಸೋಪು ನೀರು ಸಿಂಪಡಿಸಿ. ತೂತು ಇದ್ದ ಕಡೆ ನೊರೆ ಏಳುತ್ತದೆ. ಎಂಜಿನ್ ಓಡುವಾಗ ಅಷ್ಟು ಸಣ್ಣ ಸೋರಿಕೆ ಕಿವಿಗೆ ಬೀಳುವುದೇ ಇಲ್ಲ. ಹೊಗೆ ಒಂದೇ ಸಮ ಹರಿಯುವುದಿಲ್ಲ, ಉಸಿರಿನ ಹಾಗೆ ಬಿಟ್ಟು ಬಿಟ್ಟು ಬರುತ್ತದೆ. ಆ ಬಿಡುವಿನಲ್ಲಿ ಪೈಪ್ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಕೆಂಪು_ಮಿಯಾಟ:

ಸಿಕ್ಕಿತು ಸರ್! ಕ್ಯಾಟ್‌ಗೆ ಮುಂಚಿನ ಪೈಪಿನ ಫ್ಲಾಂಜ್ (ಬೋಲ್ಟ್ ಹಾಕಿ ಜೋಡಿಸುವ ಅಂಚು), ಮೇಲ್ಭಾಗದಲ್ಲಿ, ಕೆಳಗಿನಿಂದ ಕಣ್ಣಿಗೆ ಬೀಳದ ಕಡೆ. ಸೋಪು ನೀರು ಬಿದ್ದ ತಕ್ಷಣ ನೊರೆ ಉಕ್ಕಿತು. ಬೋಲ್ಟ್‌ಗಳು ತುಕ್ಕು ಹಿಡಿದಿದ್ದವು, ರಾತ್ರಿಯೆಲ್ಲ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಟ್ಟು ಬೆಳಿಗ್ಗೆ ಬಿಚ್ಚಿದೆ. ಗ್ಯಾಸ್ಕೆಟ್ ಒಂದು ಕಡೆ ಸುಟ್ಟು, ಅಲ್ಲಿ ಕಪ್ಪು ಗೆರೆ ಬಿದ್ದಿತ್ತು. ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟ್, ನಟ್ ಹಾಕಿದೆ. ಫ್ಲಾಂಜ್ ಮುಖವನ್ನು ವೈರ್ ಬ್ರಷ್‌ನಿಂದ ಉಜ್ಜಿ ಸಮ ಮಾಡಿದೆ. ಮತ್ತೆ ವ್ಯಾಕ್ಯೂಮ್ ಹಿಡಿದು ನೋಡಿದೆ, ಒಂದು ಗುಳ್ಳೆಯೂ ಇಲ್ಲ. ನಾಳೆ ಟೆಸ್ಟ್‌ಗೆ ಹೋಗುತ್ತೇನೆ. ಬೇರೆ ಏನಾದರೂ ಗಮನಿಸಬೇಕಾ?

ಗ್ಯಾರೇಜ್_ಮಿಲ್ಪಿಟಾಸ್:

ಕ್ಯಾಟ್ ಬಿಸಿ ಇರಬೇಕು, ಅಷ್ಟೇ. 250–300 ಡಿಗ್ರಿ ಸೆಲ್ಸಿಯಸ್ ಮೇಲೆ ಹೋದರೆ ಮಾತ್ರ ಅದು ಕೆಲಸ ಶುರು ಮಾಡುವುದು. 680 ಹೈವೇಯಲ್ಲಿ ಇಪ್ಪತ್ತು ನಿಮಿಷ 4ನೇ ಗೇರಿನಲ್ಲಿ ಓಡಿಸಿ ನೇರ ಅಲ್ಲಿಗೆ ಹೋಗಿ. ಮೊದಲೇ ಫೋನ್ ಮಾಡಿ ಸಾಲು ಇಲ್ಲದ ಹೊತ್ತು ಕೇಳಿ. ಅರ್ಧ ಗಂಟೆ ಎಂಜಿನ್ ಆಫ್ ಮಾಡಿ ನಿಲ್ಲಿಸಿದರೆ ಬಿಸಿಯೆಲ್ಲ ಹೋಗುತ್ತದೆ.

ಕೆಂಪು_ಮಿಯಾಟ:

ಪಾಸ್! 15 ಮೈಲಿಯಲ್ಲಿ ಆಕ್ಸಿಜನ್ 0.1, ಕಾರ್ಬನ್ ಡೈಆಕ್ಸೈಡ್ 14.9, ಎನ್‌ಒ 210. 25 ಮೈಲಿಯಲ್ಲಿ ಎನ್‌ಒ 150. ಅದೇ ಹಳೇ ಕ್ಯಾಟ್. ಸರ್ಟಿಫಿಕೇಟ್ ಅಲ್ಲಿಂದಲೇ ನೇರ ಡಿಎಂವಿಗೆ ಹೋಯಿತು. ಗ್ಯಾಸ್ಕೆಟ್, ಓ-ರಿಂಗ್, ಬೋಲ್ಟ್, ಎರಡು ಪ್ರೀ-ಟೆಸ್ಟ್, ಎಲ್ಲ ಸೇರಿದರೂ ಆ 1,300ರ ಹತ್ತಿರಕ್ಕೂ ಬರಲಿಲ್ಲ. ಸರ್, ನಿಮ್ಮ ಉಪಕಾರ ಮರೆಯುವುದಿಲ್ಲ. ಪುರಂದರದಾಸರ ಹಾಡು ಹಾಕಿಕೊಂಡು, ಟಾಪ್ ಇಳಿಸಿ ಮನೆಗೆ ಬಂದೆ.

ಒಂದು ಪ್ರಶ್ನೆ: ಪಾಸ್ ಆದ ಮೇಲೆ ಟೈಮಿಂಗ್ ಮತ್ತೆ 13ಕ್ಕೆ ಇಡಬಹುದಾ?

ಗ್ಯಾರೇಜ್_ಮಿಲ್ಪಿಟಾಸ್:

ತುಂಬಾ ಸಂತೋಷ. ಟೈಮಿಂಗ್ 10ರಲ್ಲೇ ಬಿಡಿ. ಆ ಎನ್‌ಒ ಟೆಸ್ಟ್ ದಿನ ಮಾತ್ರ ಬರುವುದಲ್ಲ, ವರ್ಷವಿಡೀ ನಾವು, ನಮ್ಮ ಮಕ್ಕಳು ಉಸಿರಾಡುವ ಗಾಳಿಗೆ ಸೇರುತ್ತದೆ. ಬೇಸಿಗೆಯಲ್ಲಿ ಈ ಕಣಿವೆಯ ಮೇಲೆ ಕೂರುವ ಮಬ್ಬಿಗೆ ಇದೂ ಒಂದು ಕಾರಣ. ಎಳೆತ ಬೇಕಿದ್ದರೆ ಹೊಸ ಪ್ಲಗ್, ಪ್ಲಗ್ ವೈರ್ ಹಾಕಿ, ಈ ಎಂಜಿನ್ನಿನಲ್ಲಿ ವೈರ್‌ಗಳು ಬೇಗ ಹಳತಾಗುತ್ತವೆ. ಒಂದು ವಾರ ಓಡಿಸಿದ ಮೇಲೆ, ಎಂಜಿನ್ ತಣ್ಣಗಿರುವಾಗ ಆ ಫ್ಲಾಂಜ್ ನಟ್‌ಗಳನ್ನು ಒಮ್ಮೆ ಬಿಗಿ ನೋಡಿ.

ರಿವರ್‌ಸೈಡ್_ಕನ್ನಡಿಗ:

ಇದನ್ನೆಲ್ಲ ಓದಿ ನನ್ನ ಹಳೇ ಕಾಗದ ಹುಡುಕಿ ತೆಗೆದೆ. ಪಾಸ್ ಆಗಿದ್ದೇನೋ ನಿಜ, ಆದರೆ ಆಕ್ಸಿಜನ್ 0.7 ಅಂತ ಇದೆ. ಭಾನುವಾರ ವ್ಯಾಕ್ಯೂಮ್, ಸೋಪು ನೀರು ಹಿಡಿದು ಕೆಳಗೆ ಇಳಿಯುತ್ತೇನೆ, ಏನು ಸಿಕ್ಕಿತು ಅಂತ ಇಲ್ಲೇ ಬರೆಯುತ್ತೇನೆ.