ಪದಚರ್ಚೆ: ಮೊಣಕೈ ಆಪರೇಷನ್ ಚೀಟಿಯಲ್ಲಿ ‘ನರ’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ಪರಿಚಯದ ಮೂಳೆ ಡಾಕ್ಟರೊಬ್ಬರು ತಮ್ಮ ರೋಗಿಗಳಿಗೆ ಕೊಡುವ ಮಾಹಿತಿ ಚೀಟಿಯನ್ನು ಕನ್ನಡದಲ್ಲಿ ಬರೆದುಕೊಡಿ ಅಂದಿದ್ದಾರೆ. ವಿಷಯ ಮೊಣಕೈ ಆರ್ತ್ರೋಸ್ಕೋಪಿ. ಕೈಯನ್ನು ಉದ್ದಕ್ಕೆ ಕೊಯ್ಯದೆ, ಚರ್ಮದಲ್ಲಿ ಕೆಲವು ಸಣ್ಣ ತೂತು ಮಾಡಿ, ಒಂದರಲ್ಲಿ ಸುಮಾರು 4 ಮಿಲಿಮೀಟರ್ ದಪ್ಪದ ಕ್ಯಾಮೆರಾ ಕೊಳವೆ, ಇನ್ನೊಂದರಲ್ಲಿ ಸಣ್ಣ ಕತ್ತರಿಯೋ ಚಿಮಟವೋ ತೂರಿಸಿ, ಟಿವಿ ಪರದೆ ನೋಡಿಕೊಂಡು ಮಾಡುವ ಆಪರೇಷನ್ ಇದು. ಕೀಲಿನೊಳಗೆ ಕಳಚಿಕೊಂಡು ಓಡಾಡುವ ಮೂಳೆ ಚೂರು ತೆಗೆಯಲು, ಮಡಚಲು ಬಾರದೆ ಬಿಗಿದುಕೊಂಡ ಮೊಣಕೈ ಸಡಿಲಿಸಲು ಮಾಡುತ್ತಾರೆ. ಟೆನಿಸ್ ಎಲ್ಬೋ ಅನ್ನುವ ಮೊಣಕೈ ಹೊರಬದಿಯ ನೋವಿಗೂ ಮಾಡುವುದುಂಟು, ಆದರೆ ಅದು ಮುಕ್ಕಾಲುಪಾಲು ಜನರಿಗೆ ಆಪರೇಷನ್ ಇಲ್ಲದೆಯೇ ವಾಸಿಯಾಗುತ್ತದೆ. (ತೆಂಡೂಲ್ಕರ್ 2005ರಲ್ಲಿ ಲಂಡನ್ನಿನಲ್ಲಿ ಮೊಣಕೈ ಆಪರೇಷನ್ ಮಾಡಿಸಿಕೊಂಡ ಮೇಲೆ ಈ ಕಾಯಿಲೆ ಹೆಸರು ಹಳ್ಳಿಕಟ್ಟೆಯಲ್ಲೂ ಗೊತ್ತಾಯಿತು.)

ಆಪರೇಷನ್ನಿನ ಹೆಸರಿಗೆ ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ. ನೆಟ್ಟಿನಲ್ಲಿ ‘ಕನಿಷ್ಠ ಆಕ್ರಮಣಕಾರಿ ಶಸ್ತ್ರಚಿಕಿತ್ಸೆ’ ಅಂತ ಇದೆ, ಓದಿದ ರೋಗಿ ಅಲ್ಲಿಂದಲೇ ಓಡುತ್ತಾನೆ. ಇಂಗ್ಲಿಷಿನ ಕೀಹೋಲ್ ನೋಡಿಕೊಂಡು ‘ಕೀಲಿರಂಧ್ರ’ ಅಂದರೆ ಇಲ್ಲಿ ‘ಕೀಲಿನ ಕೀಲಿರಂಧ್ರ’ ಆಗುತ್ತದೆ. ಹೊಟ್ಟೆಯ ಲ್ಯಾಪರೋಸ್ಕೋಪಿಗೆ ಹೇಳುವ ‘ಉದರದರ್ಶಕ’ದ ಜಾಡಿನಲ್ಲಿ ‘ಕೀಲುದರ್ಶಕ’ ಅನ್ನಬಹುದು, ಆದರೆ ಬರೀ ನೋಡಿ ಬಿಡುವುದಿಲ್ಲವಲ್ಲ, ರಿಪೇರಿಯನ್ನೂ ಮಾಡುತ್ತಾರೆ. ಹಾಗಾಗಿ ‘ಸಣ್ಣ ತೂತಿನ ಆಪರೇಷನ್’ ಅಂತ ಬರೆದೆ. ಡಾಕ್ಟರೂ ಒಪ್ಪಿದರು.

ನಾನು ಸಿಕ್ಕಿಹಾಕಿಕೊಂಡಿರುವುದು ‘ನರ’ದಲ್ಲಿ. ನಮ್ಮ ಆಡುಮಾತಿನಲ್ಲಿ ಈ ಒಂದೇ ಪದಕ್ಕೆ ಮೂರು ಕೆಲಸ. ‘ನರಕ್ಕೆ ಇಂಜೆಕ್ಷನ್ ಕೊಟ್ಟರು’ ಅಂದಾಗ ಅದು ರಕ್ತನಾಳ. ‘ಕಾಲಿನ ನರ ಹಿಡಕೊಂಡಿದೆ’ ಅಂದಾಗ ಬಹಳ ಸಲ ಅದು ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ಗಟ್ಟಿ ನಾರು, ಅಂದರೆ ಟೆಂಡನ್. ಡಾಕ್ಟರ ಬಾಯಲ್ಲಿ ಮಾತ್ರ ನರ ಅಂದರೆ ಮಿದುಳಿಗೆ ಸುದ್ದಿ ಒಯ್ಯುವ ತಂತು. ಬೇರೆ ಕಡೆ ಈ ಗೊಂದಲ ನಡೆಯುತ್ತದೆ. ಮೊಣಕೈಯಲ್ಲಿ ನಡೆಯಲ್ಲ, ಯಾಕೆಂದರೆ ಈ ಆಪರೇಷನ್ನಿನ ದೊಡ್ಡ ಭಯವೇ ನರದ್ದು. ಬಾಗಿಲಿಗೆ ಮೊಣಕೈ ತಾಗಿದಾಗ ಕಿರುಬೆರಳಿನ ತನಕ ಕರೆಂಟ್ ಹೊಡೆದ ಹಾಗೆ ಜುಮ್ ಅನ್ನುತ್ತದಲ್ಲ, ಅದು ಅಲ್ನಾರ್ ನರ. ಒಳಬದಿಯ ಮೂಳೆಗುಬ್ಬಿನ ಹಿಂದೆ, ಚರ್ಮದ ಕೆಳಗೇ ಹಾದುಹೋಗುತ್ತದೆ. ಮುಂದುಗಡೆ ಇನ್ನೂ ಎರಡು ದೊಡ್ಡ ನರಗಳಿವೆ. ಒಳಗೆ ಜಾಗವೂ ಇಕ್ಕಟ್ಟು. 1931ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ಮೈಕೆಲ್ ಬರ್ಮನ್ ಹೆಣಗಳ ಮೇಲೆ ಒಂದೊಂದೇ ಕೀಲಿನೊಳಗೆ ಇಣುಕಿ ನೋಡಿ, ಮೊಣಕೈ ಮಾತ್ರ ಈ ಕೆಲಸಕ್ಕೆ ಆಗಿಬರುವುದಿಲ್ಲ ಅಂತ ಬರೆದಿದ್ದರು. ಇವತ್ತಿಗೂ ಡಾಕ್ಟರು ಕ್ಯಾಮೆರಾ ಹಾಕುವ ಮೊದಲು ಚರ್ಮದ ಮೇಲೆ ಪೆನ್ನಿನಲ್ಲಿ ಆ ಅಲ್ನಾರ್ ನರದ ದಾರಿ ಗೆರೆ ಎಳೆದುಕೊಳ್ಳುತ್ತಾರೆ. ಆಮೇಲೆ ಕೀಲಿನೊಳಗೆ ಸಲೈನ್ ತುಂಬಿ ಉಬ್ಬಿಸುತ್ತಾರೆ, ಮುಂದಿನ ನರಗಳು ಮೂಳೆಯಿಂದ ಕೊಂಚ ದೂರ ಸರಿಯಲಿ ಅಂತ.

ಈಗ ಚೀಟಿಗೆ ಬನ್ನಿ. ಟೆನಿಸ್ ಎಲ್ಬೋ ಅಂದರೆ ಮೊಣಕೈ ಹೊರಬದಿಯ ಟೆಂಡನ್ ಹಾಳಾಗಿರುವುದು. ರೋಗಿ ಬರುವಾಗಲೇ ‘ನರ ಎಳೀತಿದೆ ಡಾಕ್ಟ್ರೇ’ ಅಂದುಕೊಂಡು ಬಂದಿರುತ್ತಾನೆ. ಹಾಳಾದ ಭಾಗ ತೆಗೆಯುತ್ತೇವೆ ಅಂತ ಮೇಲೆ ಬರೆದು, ಕೆಳಗೆ ‘ನರಕ್ಕೆ ಪೆಟ್ಟಾಗುವ ಸಾಧ್ಯತೆ ಇದೆ’ ಅಂತ ಬರೆದರೆ, ಅವನು ಹಾಳಾದದ್ದನ್ನೇ ತಾನೇ ಕೆರೆಯೋದು, ಇನ್ನೇನು ಪೆಟ್ಟು ಅಂದುಕೊಂಡು ಸಹಿ ಹಾಕಿಬಿಡಬಹುದು. ಬೆರಳು ಜೋಮು ಹಿಡಿಯಬಹುದು, ಮಣಿಕಟ್ಟು ಎತ್ತಲು ಬಾರದೆ ಹೋಗಬಹುದು ಅನ್ನುವುದು ಅವನಿಗೆ ತಲುಪಿರುವುದೇ ಇಲ್ಲ.

ಶಾಲೆ ಪುಸ್ತಕದ ‘ಸ್ನಾಯುರಜ್ಜು’ ಸರಿಯಾದ ಪದವೇ, ಆದರೆ ಪರೀಕ್ಷೆ ಮುಗಿದ ಮೇಲೆ ಅದನ್ನು ಬಾಯಲ್ಲಿ ಹೇಳಿದವರನ್ನು ನಾನು ನೋಡಿಲ್ಲ. ಹಿಂದಿ ಬಲ್ಲವರಿಗೆ ಇನ್ನೊಂದು ತೊಡಕು, ಅಲ್ಲಿ ‘ಸ್ನಾಯು’ ಅಂದರೆ ನರವೂ ಹೌದು. ಆಯುರ್ವೇದದ ‘ಕಂಡರ’ ಚಿಕ್ಕ ಪದ, ಕೇಳಲೂ ಚೆನ್ನ, ಗೊತ್ತಿರುವವರು ಕಡಿಮೆ. ನಾನು ಸದ್ಯಕ್ಕೆ ಟೆಂಡನ್ನಿಗೆ ‘ಕಟ್ಟುನಾರು’ ಅಂತ ಹಾಕಿ, ‘ನರ’ವನ್ನು ನರಕ್ಕೇ ಬಿಟ್ಟಿದ್ದೇನೆ. ಜೊತೆಗೆ ‘ಮೊಣಕೈ ತಾಗಿದಾಗ ಜುಮ್ ಅನ್ನುವ ನರ’ ಅಂತ ಬಿಡಿಸಿ ಬರೆದೆ. ಇದು ಎಂಥವರಿಗೂ ಅರ್ಥವಾಗುತ್ತದೆ ಅಂತ ನನ್ನ ನಂಬಿಕೆ. ಕಟ್ಟುನಾರಿನ ಬಗ್ಗೆ ಅಷ್ಟು ಧೈರ್ಯ ಇಲ್ಲ, ಮೂಳೆಗೆ ಮೂಳೆ ಕಟ್ಟುವ ಲಿಗಮೆಂಟಿಗೂ ಅದೇ ಹೊಂದಿಬಿಡುತ್ತದೆ ಅಲ್ವಾ?

ನಿಮ್ಮ ಕಡೆ ಇದಕ್ಕೆ ಏನಂತಾರೆ? ಹಿಮ್ಮಡಿ ಮೇಲೆ ಕೈಗೆ ಸಿಗುವ ಗಟ್ಟಿ ಹುರಿ ಇದೆಯಲ್ಲ, ಅದಕ್ಕೆ ಮನೆಯ ಹಿರಿಯರು ಹೇಳುವ ಪದವಿದ್ದರೂ ಆದೀತು. ಮಾಂಸದಂಗಡಿಯವರು, ದನದ ಕಾಲು ನೋಡುವ ನಾಟಿ ವೈದ್ಯರು ಬಳಸುವ ಪದ ಯಾರಿಗಾದರೂ ಗೊತ್ತಿದ್ದರೆ ಅದು ಇನ್ನೂ ಒಳ್ಳೆಯದು. ಊರಿನ ಹೆಸರನ್ನೂ ಜೊತೆಗೆ ಬರೆಯಿರಿ.