ಹಳೆಯ ಮನೆಯ ಮರವನ್ನು ಬಿಚ್ಚಿ ಕಾಪಿಡುವ ಬಗೆ: ಮರಗೆಲಸದವರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನಿಂದ): ಆಚಾರ್ಯರಿಗೆ ನಮಸ್ಕಾರ. ನಮ್ಮ ಮುತ್ತಜ್ಜ ಕಟ್ಟಿಸಿದ ಮನೆಯ ಪಡುವಣ ಭಾಗ ಹೋದ ಮಳೆಗಾಲದಲ್ಲಿ ಗೋಡೆಸಮೇತ ಕುಸಿದುಹೋಯಿತು. ಉಳಿದುದನ್ನೂ ಬಿಚ್ಚಿಸುವುದೆಂದು ಮನೆಯವರೆಲ್ಲ ಕೂಡಿ ತೀರ್ಮಾನಿಸಿದ್ದೇವೆ. ಹನ್ನೆರಡು ಅಡಿ ಉದ್ದದ, ಎಂಟು ಇಂಚು ಅಗಲ, ಆರು ಇಂಚು ದಪ್ಪದ ಒಂಬತ್ತು ತೊಲೆಗಳು, ಹೆಂಚಿನ ಮಾಡನ್ನು ಹೊತ್ತ ಇಳಿಜಾರು ಮರಗಳಾದ ಎಂಬತ್ತರಷ್ಟು ಪಕಾಸುಗಳು, ಅಟ್ಟದ ಮುಚ್ಚಿಗೆಯ ಹಲಗೆಗಳು ಮತ್ತು ಎರಡು ಬಾಗಿಲುಗಳು ಚೌಕಟ್ಟುಸಹಿತ ಇವೆ. ಗುತ್ತಿಗೆದಾರರು ಜೆಸಿಬಿ ತಂದು ಎರಡು ದಿನದಲ್ಲಿ ಜಾಗ ಖಾಲಿ ಮಾಡಿಕೊಡುವುದಾಗಿ ಹೇಳುತ್ತಿದ್ದಾರೆ. ಆ ಮರದಲ್ಲಿ ಬೆಂಗಳೂರಿನಲ್ಲಿರುವ ತಮ್ಮನ ಮನೆಗೆ ಒಂದು ಊಟದ ಮೇಜು ಮತ್ತು ಪುಸ್ತಕದ ಕಪಾಟು ಮಾಡಿಸಬೇಕೆಂಬುದು ಅಮ್ಮನ ಆಸೆ. ಯಾವುದನ್ನು ಉಳಿಸಿಕೊಳ್ಳಬೇಕು, ಹೇಗೆ ತೆಗೆಯಬೇಕು, ಮುಂದಿನ ಮಳೆಗಾಲವನ್ನು ಅದು ಎಲ್ಲಿ ಕಳೆಯಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ. ನೀವು ಜನವರಿಯಲ್ಲೇ ಕೇಳಿದ್ದು ಒಳ್ಳೆಯದಾಯಿತು. ಮೇ ಕೊನೆಯ ಹೊತ್ತಿಗೆ ಮರವೆಲ್ಲ ಸೂರಿನಡಿ ಸೇರುವಂತೆ ಕೆಲಸ ಹಂಚಿಕೊಳ್ಳಲು ನಿಮಗೆ ಸಮಯವಿದೆ. ಜೆಸಿಬಿಯನ್ನು ಮಾತ್ರ ಕೊನೆಗೆ, ಗೋಡೆಯ ಮಣ್ಣು ಮತ್ತು ಕಲ್ಲು ಎತ್ತುವುದಕ್ಕೆ ಕರೆಸಿರಿ. ನನ್ನ ಮೂವತ್ತು ವರ್ಷದ ಕೆಲಸದಲ್ಲಿ ಹಳೆಯ ಮರ ಹೆಚ್ಚಾಗಿ ಕೆಟ್ಟುದನ್ನು ನಾನು ನೋಡಿರುವುದು ಮನೆ ಕೆಡವುವ ಆ ಎರಡು ದಿನಗಳಲ್ಲಿಯೇ ಹೊರತು ಗೆದ್ದಲಿನಿಂದಲ್ಲ, ಮಳೆಯಿಂದಲೂ ಅಲ್ಲ. ನೂರು ವರ್ಷ ಭಾರ ಹೊತ್ತ ತೊಲೆಯನ್ನು ಬಕೆಟ್ಟಿನ ಹಲ್ಲಿನಿಂದ ಎಳೆದಾಗ ಅದು ಮುರಿಯದೆ ಇರಬಹುದು. ಆದರೆ ಎಳೆಗಳ ನಡುವೆ ಕೂದಲಿನಂಥ ಸೀಳುಗಳು ಬಿಟ್ಟಿರುತ್ತವೆ, ಅವು ಹತ್ತರಿ ಹಾಕಿ ಮೈ ಹೆರೆದು ನಯಮಾಡಿದ ಮೇಲೆಯೇ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಮನೆಯನ್ನು ಬಿಚ್ಚಿಸಿರಿ, ಕೆಡವಿಸಬೇಡಿ.

ಕಟ್ಟಿದ ಕ್ರಮವನ್ನು ಹಿಂದುಮುಂದಾಗಿಸಿದರೆ ಬಿಚ್ಚುವ ಕ್ರಮ ಸಿಗುತ್ತದೆ. ಮೊದಲು ಹೆಂಚು, ಆಮೇಲೆ ಹೆಂಚು ಕೂರುವ ರೀಪು ಪಟ್ಟಿ, ಪಕಾಸು, ಮುಚ್ಚಿಗೆ, ಅದನ್ನು ಹೊತ್ತ ಜಂತೆ, ತೊಲೆ, ಕೊನೆಗೆ ಕಂಬ. ಆ ಕಾಲದ ಮನೆಗಳಲ್ಲಿ ತೊಲೆಯೂ ಕಂಬವೂ ಸೇರುವಲ್ಲಿ ಕಬ್ಬಿಣದ ಬದಲು ಮರದ ಗೂಟ ಬಡಿದಿರುವುದು ಸಾಮಾನ್ಯ. ಆ ಗೂಟ ಒಂದು ಕಡೆ ತೆಳ್ಳಗಿರುತ್ತದೆ. ತೆಳ್ಳಗಿನ ತುದಿಯಿಂದ ಕೊಡತಿಯಲ್ಲಿ ಹೊಡೆದರೆ ಬಂದ ದಾರಿಯಲ್ಲೇ ಹೊರಬರುತ್ತದೆ, ಇನ್ನೊಂದು ಕಡೆಯಿಂದ ಹೊಡೆದರೆ ತೊಲೆಯ ಕಚ್ಚು ಸೀಳುತ್ತದೆ. ಒಂದೊಂದು ತುಂಡು ಇಳಿಯುತ್ತಿದ್ದಂತೆ ಅದು ಯಾವ ಕೋಣೆಯದು, ಯಾವ ಕಡೆ ಗೋಡೆಯೊಳಗಿತ್ತು ಎಂದು ಸೀಮೆಸುಣ್ಣದಲ್ಲಿ ಬರೆಯಿರಿ. ಅಡುಗೆಮನೆಯ ಮೇಲಿನ ಮರ ಇಲ್ಲಣ ಹಿಡಿದು ಕಪ್ಪಾಗಿದ್ದರೂ ಹೊಗೆಯಿಂದಾಗಿ ಹುಳುವಿನ ಕಾಟ ಕಡಿಮೆ ಕಂಡಿರುತ್ತದೆ. ಬಚ್ಚಲ ಕಡೆಯ ಮರ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಟೊಳ್ಳಾಗಿರಬಹುದು. ಮರದ ರಾಶಿಯ ಮುಂದೆ ನಿಂತಾಗ ಈ ಬರಹವೊಂದೇ ಅದನ್ನು ನಿಮಗೆ ಹೇಳುತ್ತದೆ.

ತೊಲೆಯನ್ನು ಎರಡು ದಿಮ್ಮಿಗಳ ಮೇಲೆ ಮಲಗಿಸಿ, ಸಣ್ಣ ಸುತ್ತಿಗೆಯಿಂದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಡಿಗೊಂದು ಸಲ ತಟ್ಟುತ್ತ ಬನ್ನಿ. ಗಟ್ಟಿ ಮರ ಠಣ್ಣೆನ್ನುತ್ತದೆ. ಡಬ್ಬೆಂದು ಸದ್ದು ಸತ್ತ ಜಾಗದಲ್ಲಿ ಚೂಪಾದ ಉಳಿಯ ಮೂಲೆಯನ್ನು ಒತ್ತಿ ನೋಡಿ. ಮಣ್ಣಿನ ಗೋಡೆಯೊಳಗೆ ಹುದುಗಿದ್ದ ಆರರಿಂದ ಒಂಬತ್ತು ಇಂಚಿನ ತುದಿಗಳು ಸಾಮಾನ್ಯವಾಗಿ ಪೊಳ್ಳಾಗಿರುತ್ತವೆ. ಅವನ್ನು ಮೊದಲೇ ಕತ್ತರಿಸಿ ಬೇರೆ ಹಾಕಿದರೆ ಗೆದ್ದಲು ಉಳಿದ ಮರಕ್ಕೆ ದಾಟುವುದಿಲ್ಲ. ನಿಮ್ಮ ಅಳತೆಯ ಒಂದು ತೊಲೆ 4 ಘನ ಅಡಿ. ಸಾಗುವಾನಿಯಾದರೆ ಸುಮಾರು 75 ಕಿಲೋ ತೂಗುತ್ತದೆ, ಮತ್ತಿಯಾದರೆ ಅದಕ್ಕಿಂತ ಸಾಕಷ್ಟು ಹೆಚ್ಚು. ಹಗ್ಗ ಕಟ್ಟಿ ನಾಲ್ಕು ಜನ ಇಳಿಸಬೇಕು, ಮೇಲಿನಿಂದ ಬೀಳಿಸಬಾರದು.

ಯಾವ ಮರವೆಂದು ತಿಳಿಯಲು ಬಣ್ಣವನ್ನು ನಂಬಬೇಡಿ, ಹಳೆಯ ಮರವೆಲ್ಲ ಹೊರಗೆ ಒಂದೇ ಕಂದು. ಮೂಲೆಯಲ್ಲಿ ಒಂದು ಚಕ್ಕೆ ಎಬ್ಬಿಸಿ ನೋಡಿ. ಸಾಗುವಾನಿ ಕೈಗೆ ಎಣ್ಣೆಯಂತೆ ನಯವಾಗಿದ್ದು ಹದ ಮಾಡಿದ ಚರ್ಮದ ವಾಸನೆ ಕೊಡುತ್ತದೆ. ಹಲಸು ಒಳಗೆ ಹಳದಿ. ಬೀಟೆ ನೇರಳೆಗಪ್ಪು ಗೆರೆಗಳಿಂದ ಗುರುತು ಸಿಗುತ್ತದೆ. ಹೊನ್ನೆಗೆ ಒಂದು ಸುಂದರವಾದ ಪರೀಕ್ಷೆಯಿದೆ: ಗಾಜಿನ ಲೋಟದ ನೀರಿಗೆ ಆ ಮರದ ಒಂದು ಚಿಟಿಕೆ ಗರಗಸದ ಹೊಟ್ಟು ಹಾಕಿಟ್ಟು ಬಿಸಿಲಿಗೆ ಹಿಡಿದರೆ, ಹೊಂಬಣ್ಣದ ನೀರಿನ ಅಂಚಿನಲ್ಲಿ ನೀಲಿ ಹೊಳಪು ಕಾಣಿಸುತ್ತದೆ. ಇಷ್ಟರ ಮೇಲೂ ಅನುಮಾನ ಉಳಿದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರು ತುಂಡನ್ನು ಪರೀಕ್ಷಿಸಿ ಜಾತಿ ಹೇಳುತ್ತಾರೆ.

ಸಾಗಣೆಯ ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ. ಕರ್ನಾಟಕ ಅರಣ್ಯ ಕಾಯ್ದೆ, 1963ರ ಅಡಿಯಲ್ಲಿ ಮರದ ಸಾಗಣೆಗೆ ರಹದಾರಿಯ, ಅಂದರೆ ಸಾಗಣೆ ಪರವಾನಗಿಯ, ನಿಯಮಗಳಿವೆ. ಹಳೆಯ ಮನೆಯ ಮರವೆಂಬ ಮಾತು ದಾರಿಯ ತಪಾಸಣೆಯಲ್ಲಿ ಸಾಲುವುದಿಲ್ಲ. ಮನೆ ನಿಂತಿರುವಾಗಲೇ ಮರದ ಫೋಟೋಗಳನ್ನು ತೆಗೆದಿಟ್ಟುಕೊಂಡು, ಮನೆಯ ಕಾಗದಪತ್ರಗಳೊಂದಿಗೆ ವಲಯ ಅರಣ್ಯ ಕಚೇರಿಗೆ ಹೋಗಿ ಬರಹದಲ್ಲಿ ಅರ್ಜಿ ಕೊಡಿ. ಬೀಟೆಯಿದ್ದರೆ ಅದನ್ನು ಬೇರೆಯಾಗಿ ನಮೂದಿಸಿರಿ.

ಇನ್ನು ಇಡುವ ಬಗೆ. ಕೊಟ್ಟಿಗೆಯೋ ಅಡಿಕೆ ಗೋದಾಮೋ, ಮೂರು ಕಡೆಯಾದರೂ ಗಾಳಿಯಾಡುವ, ಎರಚಲು ಹೊಡೆಯದ ಸೂರು ಬೇಕು. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಇಟ್ಟಿಗೆ ಅಥವಾ ಕಲ್ಲಿನ ಕಟ್ಟೆಗಳನ್ನು ಸಮಮಟ್ಟಕ್ಕೆ ಕಟ್ಟಿರಿ. ಅವುಗಳ ಮೇಲೆ ದಪ್ಪ ತುಂಡುಗಳನ್ನು ಹಾಸಿ, ಒಂದೊಂದು ಸಾಲು ಮರಕ್ಕೂ ನಡುವೆ ಒಂದು ಇಂಚು ದಪ್ಪದ ಒಣ ಅಡ್ಡಪಟ್ಟಿಗಳನ್ನು ಒಂದೂವರೆ ಅಡಿಗೊಂದರಂತೆ ಇಡಬೇಕು. ಕೆಳಗಿನ ಸಾಲಿನ ಪಟ್ಟಿಯ ನೇರ ಮೇಲೆಯೇ ಮೇಲಿನ ಸಾಲಿನ ಪಟ್ಟಿ ಬರಬೇಕು. ಹಲಗೆ ಡೊಂಕಾಗುವುದು ಇಲ್ಲಿಯೇ: ಪಟ್ಟಿ ಒಂದಕ್ಕೊಂದು ತಪ್ಪಿದರೆ ಮೇಲಿನ ಭಾರವೆಲ್ಲ ಹಲಗೆಯ ನಡುಬೆನ್ನಿಗೆ ಬೀಳುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಬಾಗು ಹಾಗೆಯೇ ನಿಂತುಬಿಡುತ್ತದೆ. ಕಟ್ಟೆಗಳ ಕಾಲನ್ನು ವಾರಕ್ಕೊಮ್ಮೆ ನೋಡಿ, ಮಣ್ಣಿನ ಗೆರೆ ಮೇಲೇರುತ್ತಿದ್ದರೆ ಗೆದ್ದಲು ಹೊರಟಿದೆಯೆಂದು ತಿಳಿದು ಅಲ್ಲಿಯೇ ಕೆರೆದು ಹಾಕಿರಿ.

ರಾಶಿಗೆ ಪ್ಲಾಸ್ಟಿಕ್ ತಾಡಪಾಲು ಸುತ್ತಬೇಡಿ. ಹಿಂದೊಮ್ಮೆ ನಾನು ಹೊನ್ನೆಯ ಹಲಗೆಗಳನ್ನು ಮಳೆಗೆ ಹೆದರಿ ಬಿಗಿಯಾಗಿ ಸುತ್ತಿಟ್ಟು, ದೀಪಾವಳಿಯ ಹೊತ್ತಿಗೆ ಬಿಚ್ಚಿ ನೋಡಿದಾಗ, ಒಳಗಿನ ಬೆವರಿನಿಂದ ಮೇಲಿನ ಎರಡು ಸಾಲುಗಳು ಬೂಷ್ಟು ಹಿಡಿದು, ಮೊಳೆಯಿದ್ದ ಕಡೆಯೆಲ್ಲ ಮಸಿಯಂಥ ಕಲೆಗಳು ಇಳಿದಿದ್ದವು. ಕಬ್ಬಿಣವೂ ತೇವವೂ ಮರದ ಒಗರೂ ಒಂದಾದಾಗ ಮೂಡುವ ಕಪ್ಪು ಅದು. ಅದಕ್ಕಾಗಿಯೇ ಮೊಳೆಗಳನ್ನು ರಾಶಿ ಹಾಕುವ ಮೊದಲೇ ಕೀಳಬೇಕು. ತಲೆ ಮುರಿದ ಮೊಳೆಯನ್ನು ಹಿಂದಿನಿಂದ ಹೊಡೆದು ಹೊರಡಿಸಿ, ಕೊನೆಗೆ ಬಲವಾದ ಅಯಸ್ಕಾಂತವನ್ನು ಎಲ್ಲ ಮುಖಗಳ ಮೇಲೂ ನಿಧಾನವಾಗಿ ಎಳೆದು ನೋಡಿರಿ.

ಪ್ರಶ್ನೆ (ಅವರೇ): ವಿವರವಾದ ಉತ್ತರಕ್ಕೆ ಕೃತಜ್ಞರಾಗಿದ್ದೇವೆ. ತೊಲೆಗಳನ್ನು ಈಗಲೇ ಸಾಮಿಲ್ಲಿಗೆ ಕೊಂಡೊಯ್ದು ಸೀಳಿಸಿ, ಹಲಗೆಯಾಗಿಯೇ ಇಟ್ಟುಕೊಳ್ಳಬಹುದೇ? ನೂರು ವರ್ಷ ಒಣಗಿದ ಮರಕ್ಕೆ ಇನ್ನು ಕಾಯುವುದೇನಿದೆ ಎಂದು ಸಾಮಿಲ್ಲಿನವರು ಕೇಳುತ್ತಾರೆ.

ಉತ್ತರ: ಅವರ ಮಾತಿನಲ್ಲಿ ಅರ್ಧ ನಿಜವಿದೆ. ಹಸಿ ಮರದಂತೆ ವರ್ಷಗಟ್ಟಲೆ ಒಣಗಿಸುವ ಅಗತ್ಯ ನಿಮ್ಮ ತೊಲೆಗಳಿಗಿಲ್ಲ. ಆದರೆ ಅಷ್ಟು ದಪ್ಪದ ಮರದ ಹೊರಮೈ ಮತ್ತು ಒಳಮೈ ಒಂದೇ ಹದದಲ್ಲಿರುವುದಿಲ್ಲ. ಜೊತೆಗೆ, ನೂರು ವರ್ಷ ಒಂದೇ ಕಡೆಗೆ ಬಾಗಿ ಭಾರ ಹೊತ್ತ ಮರದೊಳಗೆ ಎಳೆತಗಳು ಕಟ್ಟಿಕೊಂಡಿರುತ್ತವೆ. ಸೀಳಿದ ಕೂಡಲೇ ಅವು ಸಡಿಲಗೊಂಡು ಹಲಗೆ ಬಿಲ್ಲಿನಂತೆ ಬಾಗುವುದನ್ನು ಗರಗಸದ ಹಿಂದೆ ನಿಂತೇ ನೋಡಬಹುದು. ಸೀಳಿಸುವುದಾದರೆ ಬೇಸಿಗೆಯಲ್ಲಿಯೇ ಸೀಳಿಸಿ. ಒಂದು ಇಂಚಿನ ಹಲಗೆ ಬೇಕಾದಲ್ಲಿ ಒಂದೂಕಾಲು ಇಂಚಿಗೆ ತೆಗೆಸಿ, ಕನಿಷ್ಠ ನಾಲ್ಕು ವಾರ ಅಡ್ಡಪಟ್ಟಿಯ ಮೇಲೆ ಭಾರ ಹೇರಿ ಇಟ್ಟು, ಆಮೇಲೆ ಹತ್ತರಿ ಹಾಕಿರಿ. ಎಲ್ಲ ಒಂಬತ್ತನ್ನೂ ಸೀಳಿಸಬೇಡಿರೆಂಬುದು ನನ್ನ ಸಲಹೆ. ಇಂದು ಅಷ್ಟು ಉದ್ದದ, ನೇರ ಎಳೆಯ ಇಡೀ ತೊಲೆ ದುಡ್ಡು ಕೊಟ್ಟರೂ ಸುಲಭವಾಗಿ ಸಿಗುವುದಿಲ್ಲ. ಮೇಜಿಗೂ ಕಪಾಟಿಗೂ ಮೂರು ಸಾಕು. ಬಾಗಿಲುಗಳನ್ನಂತೂ ಚೌಕಟ್ಟುಸಹಿತ ಇಡಿಯಾಗಿಯೇ ಉಳಿಸಿಕೊಳ್ಳಿ.

ಪ್ರಶ್ನೆ (ಉಡುಪಿಯಿಂದ): ನಮ್ಮ ಮನೆಯಲ್ಲಿ ಬಿಚ್ಚಿಟ್ಟ ಹಲಸಿನ ಹಲಗೆಗಳಿಂದ ಅಕ್ಕಿಹಿಟ್ಟಿನಂಥ ಪುಡಿ ಉದುರುತ್ತಿದೆ. ಸೀಮೆಎಣ್ಣೆ ಹಚ್ಚಿದರೆ ಸಾಕೆಂದು ನೆರೆಯವರು ಹೇಳಿದರು. ಕೆಲವು ಪಕಾಸುಗಳಿಗೆ ಹಿಂದಿನವರು ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಬಳಿದಿದ್ದಾರೆ, ಅವಕ್ಕೆ ಏನೂ ಆಗಿಲ್ಲ.

ಉತ್ತರ: ಅಮ್ಮಾ, ಅದು ಕುಟ್ಟೆ ಹುಳು, ಗೆದ್ದಲಲ್ಲ. ಅದು ತಿನ್ನುವುದು ಚೇಗಿನ, ಅಂದರೆ ಮರದ ನಡುವಿನ ಗಟ್ಟಿ ಭಾಗದ, ಸುತ್ತ ಇರುವ ಬಿಳಿ ಪದರದ ಪಿಷ್ಟವನ್ನು. ಆದ್ದರಿಂದ ಮೊದಲು ಆ ಬಿಳಿ ಅಂಚುಗಳನ್ನು ಕತ್ತರಿಸಿ ಸುಟ್ಟುಬಿಡಿ, ತೊಂದರೆಯ ಹೆಚ್ಚಿನ ಪಾಲು ಅಲ್ಲಿಗೇ ಮುಗಿಯುತ್ತದೆ. ಉಳಿದ ಹಲಗೆಯನ್ನು ಗುಡಿಸಿ, ಕೆಳಗೆ ಕಪ್ಪು ಕಾಗದ ಹಾಸಿ, ಹೊಸ ಪುಡಿ ಬೀಳುತ್ತದೆಯೇ ಎಂದು ಕೆಲವು ವಾರ ನೋಡಿ. ಬಿದ್ದರೆ, ಹತ್ತು ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್ ಮತ್ತು 200 ಗ್ರಾಂ ಬೋರಿಕ್ ಆಮ್ಲ ಕರಗಿಸಿ, ಪಾಲಿಶ್ ಅಥವಾ ಬಣ್ಣವಿಲ್ಲದ ಬರಿಯ ಮರಕ್ಕೆ ಎರಡು ಮೂರು ಸಲ ಹಚ್ಚಿ, ತೂತುಗಳಿಗೆ ಸಿರಿಂಜಿನಿಂದ ಬಿಡಿ. ಕೈಗವಸು ಇರಲಿ, ಮಕ್ಕಳನ್ನು ದೂರವಿಡಿ. ಈ ದ್ರಾವಣ ಮಳೆಗೆ ತೊಳೆದುಹೋಗುವುದರಿಂದ ಒಳಾಂಗಣದ ಮರಕ್ಕೆ ಮಾತ್ರ ಸಲ್ಲುತ್ತದೆ. ಸೀಮೆಎಣ್ಣೆ ಬೇಗನೆ ಆರಿಹೋಗುತ್ತದೆ, ಅದರ ಕೆಲಸವೂ ಅಷ್ಟೇ ದಿನ. ಗೇರೆಣ್ಣೆ ಬಳಿದ ಪಕಾಸುಗಳನ್ನು ಪಕಾಸಾಗಿಯೇ ಮತ್ತೆ ಬಳಸುವುದು ಒಳ್ಳೆಯದು. ಆ ಎಣ್ಣೆ ಚರ್ಮವನ್ನು ಸುಡುವಂಥದು. ಹಳೆಯದಾಗಿ ಒಣಗಿದ್ದರೂ ಅದನ್ನು ಉಜ್ಜಿ ಧೂಳೆಬ್ಬಿಸುವುದು ಬೇಡ.

ಪ್ರಶ್ನೆ (ಬೆಂಗಳೂರಿನಿಂದ): ಕಾರ್ಖಾನೆಯವರು ಬಿಸಾಡುವ ಪ್ಯಾಲೆಟ್‌ಗಳ (ಸರಕು ಹೇರುವ ಮರದ ಅಡಿಹಲಗೆಗಳ) ಮರವನ್ನು ಮಕ್ಕಳ ಮಂಚಕ್ಕೆ ಬಳಸಬಹುದೇ?

ಉತ್ತರ: ಹೊರದೇಶದಿಂದ ಬಂದ ಪ್ಯಾಲೆಟ್ಟಿನ ಮೇಲೆ ತೆನೆಯ ಗುರುತಿನ ಮುದ್ರೆಯಿರುತ್ತದೆ. ಅದರಲ್ಲಿ ಎಚ್‌ಟಿ (HT) ಎಂದಿದ್ದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬಿಸಿಯಾಗಿದೆಯೆಂದು ಅರ್ಥ. ಎಂಬಿ (MB) ಎಂದಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು, ಅದನ್ನು ಮನೆಗೆ ತರಬೇಡಿ. ಮುದ್ರೆ ಸರಿಯಿದ್ದರೂ ಅದರ ಮೇಲೆ ಯಾವ ರಾಸಾಯನಿಕ ಚೆಲ್ಲಿತ್ತೆಂಬುದು ಯಾರಿಗೂ ತಿಳಿಯುವುದಿಲ್ಲ. ಮಂಚಕ್ಕೆ ಬೇಡ, ಹೂಕುಂಡದ ನಿಲುವಿಗೆ ಸಾಕು.

ಪ್ರಶ್ನೆ (ತೀರ್ಥಹಳ್ಳಿಯವರೇ): ಕೊನೆಯದಾಗಿ ಎರಡು ಮಾತು. ಬಾಗಿಲುಗಳ ಮೇಲೆ ನಾಲ್ಕೈದು ಪದರ ಹಳೆಯ ಬಣ್ಣವಿದೆ, ಅದನ್ನು ಮೆಷಿನ್ನಿನಲ್ಲಿ ಉಜ್ಜಿಸಬಹುದೇ? ಮಳೆಗಾಲ ಮುಗಿದ ಮೇಲೆ ಹಲಗೆಗಳನ್ನು ನೇರವಾಗಿ ಬೆಂಗಳೂರಿನ ಬಡಗಿಗೆ ಒಪ್ಪಿಸಬಹುದೇ?

ಉತ್ತರ: ಮೆಷಿನ್ ಹಾಕಿಸಬೇಡಿ, ಹಳೆಯ ಬಣ್ಣದ ಧೂಳಿನಲ್ಲಿ ವಿಷಕಾರಿಯಾದ ಸೀಸವಿರಬಹುದು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲೆಲ್ಲ ಸೀಸವಿದೆಯೆಂದೇ ಎಣಿಸಿ ನಡೆಯಬೇಕು. ಬಣ್ಣ ಕಳಚುವ ಲೇಪ ಹಚ್ಚಿ, ಒದ್ದೆಯಾಗಿರುವಾಗಲೇ ಹೆರೆದು, ಹೆರೆದುದನ್ನು ಚೀಲದಲ್ಲಿ ಕಟ್ಟಿರಿ.

ಹಲಗೆಗಳ ವಿಷಯದಲ್ಲಿ ಅವಸರ ಬೇಡ. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ಮರ ಸುಮಾರು ನೂರಕ್ಕೆ 18ರಷ್ಟು ತೇವಕ್ಕೆ ಹೊಂದಿಕೊಂಡರೆ, ಬೆಂಗಳೂರಿನ ಬೇಸಿಗೆಯ ಮನೆಯೊಳಗೆ ಅದು 8, 9ಕ್ಕೆ ಇಳಿಯುತ್ತದೆ. ತೇವ ನೂರಕ್ಕೆ 6ರಷ್ಟು ಇಳಿದರೂ ಮೂರಡಿ ಅಗಲದ ಸಾಗುವಾನಿ ಮೇಜಿನ ಹಲಗೆ ಸುಮಾರು 1 ಸೆಂಟಿಮೀಟರ್ ಕುಗ್ಗುತ್ತದೆ. ಅದನ್ನು ಕೆಳಗಿನ ಚೌಕಟ್ಟಿಗೆ ಅಂಟು ಹಾಕಿ ಬಿಗಿದಿದ್ದರೆ ನಡುವೆ ಸೀಳದೆ ಬೇರೆ ದಾರಿಯಿಲ್ಲ. ಹಾಗಾಗಿ ಮೇಲಿನ ಹಲಗೆಯನ್ನು, ಅದು ಕುಗ್ಗಿ ಹಿಗ್ಗಲು ಎಡೆಯಿರುವಂತೆ ಉದ್ದನೆಯ ತೂತುಗಳಲ್ಲಿ ಸ್ಕ್ರೂ ಹಾಕಿ ಹಿಡಿಸಲು ಬಡಗಿಗೆ ಹೇಳಿ. ಸಾಗುವಾನಿಯ ಎಣ್ಣೆ ಅಂಟನ್ನು ಹಿಡಿಯಗೊಡದಿರುವುದರಿಂದ, ಜೋಡಿಸುವ ಮೊದಲು ಆ ಅಂಚುಗಳನ್ನು ಥಿನ್ನರಿನಿಂದ ಒರೆಸಲೂ ಹೇಳಿ.

ಹಲಗೆಗಳನ್ನು ನವೆಂಬರಿನಲ್ಲಿ ತಮ್ಮನವರ ಮನೆಯ ಒಂದು ಕೋಣೆಗೆ ಸಾಗಿಸಿ, ಇದೇ ರೀತಿ ಅಡ್ಡಪಟ್ಟಿಯ ಮೇಲೆ ಜೋಡಿಸಿಡಿ. ತೇವ ಇಳಿಯುವುದು ನಿಂತಿತೇ ಎಂದು ತಿಳಿಯಲು, ಹಲಗೆಯ ತುದಿಯಿಂದ ಒಂದಡಿ ಒಳಗೆ ಅಂಗೈಯಗಲದ ಒಂದು ತುಂಡು ಕತ್ತರಿಸಿ, ಕತ್ತರಿಸಿದ ಎರಡು ಕೊನೆಗಳಿಗೆ ಮೇಣ ಹಚ್ಚಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನೂ ತಾರೀಖನ್ನೂ ಅದರ ಮೇಲೆಯೇ ಪೆನ್ಸಿಲಿನಲ್ಲಿ ಬರೆದು ರಾಶಿಯ ನಡುವೆ ಇಡಿ. ಪ್ರತಿ ಭಾನುವಾರ ತೂಗಿ ಬರೆಯುವಂತೆ ತಮ್ಮನವರಿಗೆ ತಿಳಿಸಿ. ಮೊದಲು ವಾರಕ್ಕೆ ನಾಲ್ಕೈದು ಗ್ರಾಂ ಇಳಿಯಬಹುದು, ಆಮೇಲೆ ಒಂದು, ಅರ್ಧ. ಸತತ ಮೂರು ವಾರ ತೂಕ ಕದಲದಿದ್ದರೆ ಬಡಗಿಯನ್ನು ಕರೆಸಿ ಮೇಜಿಗೆ ಅಳತೆ ಹಾಕಿಸಿರಿ.